ದಾರದ ಟೆನ್ಷನ್ ಒಂದೇ ಸಮ ನಿಲ್ಲುತ್ತಿಲ್ಲವೇ? ನಟ್ಟು ಮುಟ್ಟುವ ಮುಂಚೆ ಹೊಲಿಗೆ ನೋಡಿ

ಹೊಲಿಗೆ ಕೆಟ್ಟ ತಕ್ಷಣ ಎಲ್ಲರ ಕೈ ಹೋಗುವುದು ಮೆಷಿನ್ ಮುಂದಿರುವ ಟೆನ್ಷನ್ ನಟ್ಟಿಗೆ. ಅರ್ಧ ಸುತ್ತು ಬಿಗಿ ಮಾಡುತ್ತಾರೆ. ಸರಿಹೋಗಲಿಲ್ಲವಾ, ಇನ್ನರ್ಧ ಸುತ್ತು. ಆಮೇಲೆ ಬಾಬಿನ್ ಕೇಸ್ (ಕೆಳಗಿನ ದಾರ ಸುತ್ತಿದ ಬಾಬಿನ್ ಕೂರುವ ಸಣ್ಣ ಡಬ್ಬಿ) ತೆಗೆದು ಅದರ ಸ್ಕ್ರೂ ತಿರುಗಿಸುತ್ತಾರೆ. ಹತ್ತು ನಿಮಿಷ ಆಗುವಷ್ಟರಲ್ಲಿ ಮೇಲಿನದು ಎಲ್ಲಿತ್ತು, ಕೆಳಗಿನದು ಎಲ್ಲಿತ್ತು ಅನ್ನುವುದು ಯಾರಿಗೂ ನೆನಪಿರುವುದಿಲ್ಲ. ಹೊಲಿಗೆ ಮಾತ್ರ ಹಾಗೇ ಇರುತ್ತದೆ, ಇಲ್ಲವೇ ಇನ್ನಷ್ಟು ಕೆಟ್ಟಿರುತ್ತದೆ.

ಇದಕ್ಕೆ ಕಾರಣ ಸರಳ. ಟೆನ್ಷನ್ ತಪ್ಪಾಗಿರುವುದು ಬೇರೆ, ಟೆನ್ಷನ್ ಏರುಪೇರಾಗುವುದು ಬೇರೆ. ಮೊದಲಿನಿಂದ ಕೊನೆವರೆಗೆ ಹೊಲಿಗೆ ಒಂದೇ ರೀತಿ ಸಡಿಲ ಅಥವಾ ಒಂದೇ ರೀತಿ ಬಿಗಿ ಇದ್ದರೆ ಅದು ಸೆಟ್ಟಿಂಗ್ ತಪ್ಪು, ನಟ್ಟು ತಿರುಗಿಸಿದರೆ ಸರಿಹೋಗುತ್ತದೆ. ಆದರೆ ಒಂದು ಗೇಣು ಚೆನ್ನಾಗಿ ಬಂದು, ಆಮೇಲೆ ನಾಲ್ಕು ಹೊಲಿಗೆ ಸಡಿಲಾಗಿ, ಮತ್ತೆ ಚೆನ್ನಾಗಿ ಬರುತ್ತಿದೆ ಅಂದರೆ ನಟ್ಟಿನದೇನೂ ತಪ್ಪಿಲ್ಲ. ನಟ್ಟು ಕೂತಲ್ಲೇ ಕೂತಿದೆ ಅಲ್ವಾ? ತಾನಾಗಿ ತಿರುಗಿ ಮತ್ತೆ ವಾಪಸ್ ಬರುವುದಿಲ್ಲ. ದಾರ ಹಾದುಬರುವ ದಾರಿಯಲ್ಲಿ ಎಲ್ಲೋ ಏನೋ ಆಗಾಗ ಹಿಡಿಯುತ್ತಿದೆ, ಇಲ್ಲ ಆಗಾಗ ಬಿಡುತ್ತಿದೆ. ಅದನ್ನು ಹುಡುಕಬೇಕು.

ನಾನು ಇಲ್ಲಿ ಹೇಳುತ್ತಿರುವುದು ಒಂದೇ ಸೂಜಿಯ ಲಾಕ್‌ಸ್ಟಿಚ್ ಮೆಷಿನ್ ಬಗ್ಗೆ, ಅಂದರೆ ಮೇಲಿನದೊಂದು ಕೆಳಗಿನದೊಂದು ದಾರ ಸೇರಿಸಿ ನೇರ ಹೊಲಿಯುವ ಮೆಷಿನ್. ಜೂಕಿ ಡಿಡಿಎಲ್-8700, ಅದರದೇ ಮಾದರಿಯ ಜ್ಯಾಕ್, ಬ್ರದರ್ ಇತ್ಯಾದಿ. ಪೀಣ್ಯ, ಬೊಮ್ಮನಹಳ್ಳಿ, ದೊಡ್ಡಬಳ್ಳಾಪುರ, ಮದ್ದೂರಿನ ಗಾರ್ಮೆಂಟ್ಸ್ ಲೈನುಗಳಲ್ಲಿ ಸಾಲುಸಾಲಾಗಿ ಇರುವುದು ಇಂಥವೇ. ಬಳ್ಳಾರಿಯ ಜೀನ್ಸ್ ಘಟಕಗಳಲ್ಲೂ, ಈಗ ಬೀದಿ ಬದಿಯ ಬ್ಲೌಸ್ ಅಂಗಡಿಗಳಲ್ಲೂ ಇವು ಬಂದಿವೆ. ಓವರ್‌ಲಾಕ್, ಫ್ಲಾಟ್‌ಲಾಕ್ ಕಥೆಯೇ ಬೇರೆ, ಅದನ್ನು ಇಲ್ಲಿ ತರುವುದಿಲ್ಲ.

ಒಂದು ಹೊಲಿಗೆಯಲ್ಲಿ ಏನಾಗುತ್ತದೆ

ಸೂಜಿ ಕೆಳಗಿಳಿದು ಮೇಲೇಳುವಾಗ ಅದರ ಕಣ್ಣಿನ ಹತ್ತಿರ ದಾರ ಒಂದು ಸಣ್ಣ ಕುಣಿಕೆಯಾಗುತ್ತದೆ. ಕೆಳಗೆ ಬಾಬಿನ್ ಕೇಸಿನ ಸುತ್ತ ತಿರುಗುತ್ತಿರುವ ಹುಕ್ಕಿನ ಮೊನೆ ಆ ಕುಣಿಕೆಯನ್ನು ಹಿಡಿದು, ಅಗಲ ಮಾಡಿ, ಇಡೀ ಬಾಬಿನ್ ಕೇಸಿನ ಸುತ್ತ ದಾಟಿಸುತ್ತದೆ. ಆಮೇಲೆ ಟೇಕಪ್ ಲಿವರ್ (ಮೆಷಿನ್ ಮುಂದೆ ದಾರ ಹಿಡಿದು ಮೇಲೆ ಕೆಳಗೆ ಆಡುವ ಕೈ) ಮೇಲೆ ಹೋಗಿ ಆ ದಾರವನ್ನೆಲ್ಲ ವಾಪಸ್ ಎಳೆದುಕೊಳ್ಳುತ್ತದೆ. ಮೇಲಿನ ದಾರ ಕೆಳಗಿನ ದಾರವನ್ನು ಬಟ್ಟೆಯೊಳಗೆ ಎಳೆದುಕೊಂಡು ಬರುತ್ತದೆ. ಅಲ್ಲಿ ಎರಡೂ ಹಗ್ಗಜಗ್ಗಾಟ ಆಡಿ, ಬಟ್ಟೆಯ ದಪ್ಪದ ಮಧ್ಯದಲ್ಲಿ ಎಲ್ಲಿ ಸಮಬಲ ಆಗುತ್ತದೋ ಅಲ್ಲಿ ಗಂಟು ಕೂರುತ್ತದೆ.

ಇದರಲ್ಲಿ ತುಂಬಾ ಜನರಿಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. ಬಾಬಿನ್ ಕೇಸನ್ನು ಸುತ್ತಿ ಬರಲು ಪ್ರತಿ ಹೊಲಿಗೆಗೆ ಸುಮಾರು ಹತ್ತು ಸೆಂಟಿಮೀಟರ್ ದಾರ ಕೆಳಗೆ ಹೋಗಬೇಕು. ಆದರೆ 2.5 ಮಿಲಿಮೀಟರ್ ಉದ್ದದ ಒಂದು ಹೊಲಿಗೆಯಲ್ಲಿ ನಿಜವಾಗಿ ಖರ್ಚಾಗುವುದು ಮೂರು, ಮೂರೂವರೆ ಮಿಲಿಮೀಟರ್ ಅಷ್ಟೇ. ಮಿಕ್ಕಿದ್ದೆಲ್ಲ ವಾಪಸ್ ಮೇಲೆ ಬರುತ್ತದೆ. ಅಂದರೆ ದಾರದ ಒಂದೇ ಜಾಗ ಬಟ್ಟೆಯಲ್ಲಿ ಕೂರುವ ಮುಂಚೆ ಸೂಜಿಯ ಕಣ್ಣಿನೊಳಗೆ ಇಪ್ಪತ್ತು ಮೂವತ್ತು ಸಲ ಹೋಗಿ ಬಂದಿರುತ್ತದೆ. ಮೆಷಿನ್ ನಿಮಿಷಕ್ಕೆ 4000 ಹೊಲಿಗೆ ಓಡುತ್ತಿದ್ದರೆ ಇದೆಲ್ಲ ಒಂದು ಸೆಕೆಂಡಿಗೆ 66 ಸಲ ನಡೆಯುತ್ತಿದೆ. ಕಣ್ಣಿನಲ್ಲಿ ಕೂದಲೆಳೆಯಷ್ಟು ಗೀರು ಇದ್ದರೂ ದಾರ ಯಾಕೆ ನವೆಯುತ್ತದೆ ಅಂತ ಈಗ ಅರ್ಥವಾಗುತ್ತದೆ.

ತಪ್ಪು ಯಾವ ಕಡೆಯದು

ಮೊದಲು ಇದನ್ನು ಗೊತ್ತು ಮಾಡಿಕೊಳ್ಳಿ. ಮೇಲೆ ಕೆಂಪು ದಾರ, ಬಾಬಿನ್ನಿಗೆ ಬಿಳಿ ದಾರ ಹಾಕಿ. ಎರಡೂ ಒಂದೇ ಜಾತಿಯ, ಒಂದೇ ದಪ್ಪದ ದಾರ ಆಗಿರಲಿ. ನೀವು ಹೊಲಿಯಬೇಕಾದ ಬಟ್ಟೆಯದೇ ಎರಡು ಪದರ ತುಂಡು ತೆಗೆದುಕೊಂಡು ಒಂದು ಮೀಟರ್ ನೇರ ಹೊಲಿಯಿರಿ. ಅರ್ಧ ನಿಧಾನ, ಅರ್ಧ ಪೂರ್ತಿ ಸ್ಪೀಡು. ಬಿಳಿ ಚುಕ್ಕೆ ಮೇಲೆ ಕಾಣುತ್ತಿದ್ದರೆ ಮೇಲಿನ ದಾರ ಜಾಸ್ತಿ ಎಳೆಯುತ್ತಿದೆ, ಇಲ್ಲವೇ ಕೆಳಗಿನದು ಸಡಿಲವಾಗಿದೆ. ಕೆಂಪು ಕೆಳಗೆ ಕಾಣುತ್ತಿದ್ದರೆ ಅದಕ್ಕೆ ಉಲ್ಟಾ.

ಎಲ್ಲರೂ ಎಡವುವ ಜಾಗ ಇದು: ಬಟ್ಟೆಯ ಕೆಳಗಡೆ ದಾರ ಗೊಂಚಲು ಗೊಂಚಲಾಗಿ ಬರುತ್ತಿದ್ದರೆ, ಕೆಳಗೆ ಕಾಣುತ್ತಿದೆಯಲ್ಲ ಅಂತ ಬಾಬಿನ್ನಿಗೆ ಬೈಯುತ್ತಾರೆ. ಆ ಗೊಂಚಲು ಮೇಲಿನ ದಾರದ್ದು. ಮೇಲಿನ ದಾರಕ್ಕೆ ಹಿಡಿತ ಇಲ್ಲ, ಅದಕ್ಕೇ ಅದು ಕೆಳಗೆ ಬಿದ್ದು ವಾಪಸ್ ಬರುತ್ತಿಲ್ಲ. ಗೊಂಚಲು ಕೆಳಗೆ ಕಂಡರೆ ಮೇಲೆ ಹುಡುಕಿ, ಮೇಲೆ ಕಂಡರೆ ಕೆಳಗೆ ಹುಡುಕಿ.

ಕಣ್ಣಿಗೆ ಸಮನಾಗಿ ಕಂಡರೂ ಅನುಮಾನ ಇದ್ದರೆ ಬಟ್ಟೆಯನ್ನು ಕ್ರಾಸ್ ಆಗಿ ಕತ್ತರಿಸಿ ಹೊಲಿದು, ಹೊಲಿಗೆಯ ಎರಡು ತುದಿ ಹಿಡಿದು ದಾರ ಹರಿಯುವವರೆಗೆ ಜಗ್ಗಿ. ಯಾವ ದಾರ ಮೊದಲು ಹರಿಯಿತೋ ಅದು ಬಿಗಿಯಾಗಿದೆ. ಎರಡೂ ಒಟ್ಟಿಗೆ ಹರಿದರೆ ಸಮ ಇದೆ.

ಎಷ್ಟು ದೂರಕ್ಕೊಮ್ಮೆ ಕೆಡುತ್ತಿದೆ

ಆ ಒಂದು ಮೀಟರ್ ತುಂಡನ್ನು ಸುಮ್ನೆ ಎಸೆಯಬೇಡಿ. ಒಂದು ಟೇಪು ತೆಗೆದುಕೊಂಡು, ಕೆಟ್ಟ ಜಾಗದಿಂದ ಮುಂದಿನ ಕೆಟ್ಟ ಜಾಗಕ್ಕೆ ಎಷ್ಟು ದೂರ ಅಂತ ಅಳೆಯಿರಿ. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಇದಕ್ಕಿಂತ ಉಪಯೋಗದ ಅಳತೆ ಇನ್ನೊಂದಿಲ್ಲ, ಆದರೂ ಇದನ್ನು ಮಾಡುವವರು ಬಹಳ ಕಡಿಮೆ.

ಲೆಕ್ಕ ಹೀಗಿದೆ. ಈ ಮೆಷಿನ್ನುಗಳ ಬಾಬಿನ್ ಸುಮಾರು ಎರಡು ಸೆಂಟಿಮೀಟರ್ ಅಗಲ ಇರುತ್ತದೆ. ತುಂಬಿದ್ದಾಗ ಒಂದು ಸುತ್ತು ತಿರುಗಿದರೆ ಆರು ಸೆಂಟಿಮೀಟರ್ ದಾರ ಬಿಡುತ್ತದೆ, ಅದು ನಾಲ್ಕೈದು ಸೆಂಟಿಮೀಟರ್ ಹೊಲಿಗೆಗೆ ಸಾಕು. ಹಾಗಾಗಿ ಬಾಬಿನ್ ಸೊಟ್ಟಗಿದ್ದರೆ, ಅದರ ಅಂಚು ಜಜ್ಜಿದ್ದರೆ, ಸುತ್ತಿಗೊಮ್ಮೆ ಕೇಸಿಗೆ ಉಜ್ಜಿ ಹೊಲಿಗೆ ನಾಲ್ಕೈದು ಸೆಂಟಿಮೀಟರಿಗೊಮ್ಮೆ ಕೆಡುತ್ತದೆ. ಬಾಬಿನ್ ಖಾಲಿಯಾಗುತ್ತಾ ಬಂದಂತೆ ಒಂದು ಸುತ್ತಿಗೆ ಬಿಡುವ ದಾರ ಕಡಿಮೆಯಾಗುತ್ತದಲ್ಲ, ಆಗ ಕೆಟ್ಟ ಜಾಗಗಳ ಅಂತರವೂ ಎರಡು ಸೆಂಟಿಮೀಟರಿನ ಹತ್ತಿರ ಬರುತ್ತದೆ. ಅಂತರ ಹೀಗೆ ಕುಗ್ಗುತ್ತಾ ಬಂದರೆ ಕಳ್ಳ ಬಾಬಿನ್ನೇ, ಅನುಮಾನ ಬೇಡ.

ಅಂತರ ಒಂದು ಗೇಣು ಅಥವಾ ಅದರ ಆಸುಪಾಸು ಇದ್ದರೆ ಕೋನ್ ಕಡೆ, ಅಂದರೆ ಸ್ಟ್ಯಾಂಡಿನ ಮೇಲಿನ ದಾರದ ಉರುಳೆ ಕಡೆ ನೋಡಿ. ಕೋನಿನಿಂದ ಒಂದು ಸುತ್ತು ಬಿಚ್ಚಿದರೆ ಸುಮಾರು ಅಷ್ಟೇ ದಾರ ಬರುತ್ತದೆ. ಕೋನಿನ ಅಂಚಿನಲ್ಲಿ ಎಲ್ಲೋ ಸೀಳಿದೆ, ದಾರ ಸುತ್ತಿಗೊಮ್ಮೆ ಅಲ್ಲಿ ಸಿಕ್ಕಿಕೊಳ್ಳುತ್ತಿದೆ.

ಹುಕ್ ಒಂದು ಹೊಲಿಗೆಗೆ ಎರಡು ಸುತ್ತು ತಿರುಗುತ್ತದೆ. ಆದ್ದರಿಂದ ಹುಕ್ಕಿನ ಗೀರಿನ ತೊಂದರೆ ಹತ್ತು ಸೆಂಟಿಮೀಟರಿಗೊಮ್ಮೆ ಅಂತ ಲೆಕ್ಕವಾಗಿ ಬರುವುದಿಲ್ಲ. ಹೊಲಿಗೆ ಹೊಲಿಗೆಯಲ್ಲೂ ಅದರ ಕೈ ಇರುತ್ತದೆ, ಅಥವಾ ಲೆಕ್ಕವೇ ಇಲ್ಲದೆ ಮನಸ್ಸು ಬಂದಾಗ ಬರುತ್ತದೆ. ಲೆಕ್ಕವಿಲ್ಲದೆ ಬರುವ ಏರುಪೇರಿಗೆ ಇನ್ನೂ ಮೂರು ನಾಲ್ಕು ಕಾರಣಗಳಿವೆ: ಧೂಳು, ಕೆಟ್ಟ ದಾರ, ಮುರಿದ ಚೆಕ್ ಸ್ಪ್ರಿಂಗ್ (ಸಡಿಲ ದಾರ ಹಿಡಿದಿಡುವ ತೆಳು ಕಂಬಿ), ಮತ್ತೆ ಮೊಣಕಾಲು. ಮೊಣಕಾಲಿನ ವಿಷಯಕ್ಕೆ ಆಮೇಲೆ ಬರುತ್ತೇನೆ.

ನಿಧಾನಕ್ಕೆ ಹೊಲಿದಾಗ ಚೆನ್ನಾಗಿದ್ದು ಸ್ಪೀಡಿನಲ್ಲಿ ಮಾತ್ರ ಕೆಡುತ್ತದಾ? ಹಾಗಾದರೆ ಸೂಜಿ ಬಿಸಿಯಾಗುವುದು, ಬಾಬಿನ್ ಬೇಕಾದ್ದಕ್ಕಿಂತ ಜಾಸ್ತಿ ತಿರುಗಿ ದಾರ ಸಡಿಲ ಬಿಡುವುದು, ಚೆಕ್ ಸ್ಪ್ರಿಂಗ್ ಸೋತಿರುವುದು, ಈ ಮೂರರಲ್ಲಿ ಒಂದು. ಪಾಲಿಯೆಸ್ಟರ್ ದಾರ ಬಿಸಿ ಸೂಜಿಗೆ ಮೆತ್ತಗಾಗಿ ಕಣ್ಣಿಗೆ ಅಂಟುತ್ತದೆ. ಸ್ವಲ್ಪ ಸ್ಪೀಡು ಇಳಿಸಿ ನೋಡಿದರೆ ತಿಳಿಯುತ್ತದೆ, ಸ್ಪೀಡು ಹೊಂದಿಸಬಹುದಾದ ಸರ್ವೋ ಮೋಟಾರ್ ಇದ್ದರೆ ಅದು ಒಂದು ಗುಂಡಿಯ ಕೆಲಸ.

ಮೇಲಿನ ದಾರದ ದಾರಿ

ಸ್ಟ್ಯಾಂಡಿನಿಂದ ಶುರು ಮಾಡಿ. ಕೋನ್ ಇಟ್ಟಿರುವ ಕಡ್ಡಿಯ ನೇರ ಮೇಲೆಯೇ ದಾರದ ಕೊಕ್ಕೆ ಇರಬೇಕು. ಎತ್ತರ ಕೋನಿನ ಎರಡೂವರೆ ಪಟ್ಟಾದರೂ ಬೇಕು. ಕೊಕ್ಕೆ ಪಕ್ಕಕ್ಕೆ ತಿರುಗಿದ್ದರೆ ದಾರ ಒಂದು ಕಡೆ ಸಲೀಸಾಗಿ ಬಿಚ್ಚುತ್ತದೆ, ಇನ್ನೊಂದು ಕಡೆ ಉಜ್ಜಿಕೊಂಡು ಬರುತ್ತದೆ. ಕೆಲವು ದಾರಗಳು ತುಂಬಾ ನುಣುಪು, ತಾವಾಗೇ ಜಾರಿ ಕೋನಿನ ಬುಡಕ್ಕೆ ಬಿದ್ದು ಅಲ್ಲಿ ಸುತ್ತಿಕೊಳ್ಳುತ್ತವೆ. ಅಂಥದ್ದಕ್ಕೆ ಕೆಳಗೆ ಒಂದು ಸ್ಪಂಜು ತುಂಡು ಇಟ್ಟರೆ ಆಯಿತು. ಫ್ಯಾನ್ ಗಾಳಿ ನೇರ ಕೋನಿಗೆ ಬಡಿಯುತ್ತಿದ್ದರೂ ದಾರ ಕುಣಿಯುತ್ತದೆ. ಬೇಸಿಗೆಯಲ್ಲಿ ಫ್ಯಾನ್ ಬೇಡ ಅನ್ನಲಾಗುವುದಿಲ್ಲ, ಸ್ವಲ್ಪ ತಿರುಗಿಸಿಡಿ.

ಇಷ್ಟು ದೂರದ ಸಣ್ಣ ತೊಡಕು ಸೂಜಿಯ ಹತ್ತಿರ ಯಾಕೆ ದೊಡ್ಡದಾಗುತ್ತದೆ? ದಾರ ಟೆನ್ಷನ್ ನಟ್ಟಿನ ಹಿಂದಿರುವ ಎರಡು ಟೆನ್ಷನ್ ತಟ್ಟೆಗಳ ಮಧ್ಯೆ ಹಾದಾಗ ಅದರ ಬಿಗಿ ಒಂದಿಷ್ಟು ಕೂಡುತ್ತದೆ. ಆದರೆ ಕೊಕ್ಕೆ, ಕಂಬಿಗಳನ್ನು ಸುತ್ತಿ ಬಂದಾಗ ಬಿಗಿ ಕೂಡುವುದಿಲ್ಲ, ಗುಣಿಸುತ್ತದೆ. ಒಳಗೆ ಬರುವ ಬಿಗಿ ಎರಡು ಪಟ್ಟಾದರೆ ಆಚೆ ಹೋಗುವುದೂ ಎರಡು ಪಟ್ಟು. ಸುತ್ತುವ ಕೋನ ಹೆಚ್ಚಿದಷ್ಟೂ ಅದು ಏರುತ್ತಾ ಹೋಗುತ್ತದೆ. ಇಂಜಿನಿಯರುಗಳು ಇದಕ್ಕೆ ಕ್ಯಾಪ್‌ಸ್ಟನ್ ಸೂತ್ರ ಅನ್ನುತ್ತಾರೆ. ಹಡಗಿನ ಹಗ್ಗವನ್ನು ಕಂಬಕ್ಕೆ ನಾಲ್ಕು ಸುತ್ತು ಹಾಕಿ ಒಬ್ಬನೇ ಹಿಡಿದು ನಿಲ್ಲುವುದು ಇದೇ ಲೆಕ್ಕದಲ್ಲಿ. ಹಾಗಾಗಿ ಕೆಲವರು ದಾರವನ್ನು ಮೂರು ತೂತಿನ ಗೈಡಿನಲ್ಲಿ ಎರಡೆರಡು ಸಲ ಸುತ್ತಿ 'ಈಗ ಟೈಟ್ ಆಯ್ತು' ಅನ್ನುತ್ತಾರಲ್ಲ, ಅವರು ಕೋನಿನ ಸಣ್ಣ ಏರುಪೇರನ್ನೂ ಗುಣಿಸಿ ಸೂಜಿಗೆ ಕಳಿಸುತ್ತಿದ್ದಾರೆ. ಬಿಗಿ ಬೇಕಿದ್ದರೆ ತಟ್ಟೆಯಲ್ಲಿ ಕೂಡಿಸಿ. ಮ್ಯಾನ್ಯುಯಲ್‌ನಲ್ಲಿ ತೋರಿಸಿದ ಹಾಗೆ ಮಾತ್ರ ದಾರ ಪೋಣಿಸಿ.

ಇನ್ನು ಟೆನ್ಷನ್ ತಟ್ಟೆ. ಬಟ್ಟೆಯನ್ನು ಒತ್ತಿ ಹಿಡಿಯುವ ಫುಟ್ ಎತ್ತಿದಾಗ ಒಳಗಿನ ಒಂದು ಪಿನ್ ಈ ಎರಡು ತಟ್ಟೆಗಳನ್ನು ದೂರ ತಳ್ಳುತ್ತದೆ, ದಾರ ಬಿಡುಗಡೆಯಾಗುತ್ತದೆ. ಫುಟ್ ಇಳಿಸಿದರೆ ತಟ್ಟೆ ಮುಚ್ಚಿಕೊಳ್ಳುತ್ತದೆ. ಅದಕ್ಕೇ ದಾರ ಪೋಣಿಸುವಾಗ ಫುಟ್ ಎತ್ತಿರಬೇಕು, ಇಲ್ಲದಿದ್ದರೆ ದಾರ ತಟ್ಟೆಗಳ ಮಧ್ಯೆ ಇಳಿಯದೆ ಅಂಚಿನ ಮೇಲೇ ಕೂತಿರುತ್ತದೆ. ಈಗ ಒಂದು ಪರೀಕ್ಷೆ: ಸೂಜಿಯ ದಾರವನ್ನು ಕೈಯಲ್ಲಿ ಎಳೆಯಿರಿ. ಫುಟ್ ಎತ್ತಿದಾಗ ಸಲೀಸಾಗಿ ಬರಬೇಕು, ಇಳಿಸಿದಾಗ ಬಿಗಿಯಾಗಿ ಬರಬೇಕು. ಎರಡರಲ್ಲೂ ಒಂದೇ ರೀತಿ ಇದ್ದರೆ ಪಿನ್ ಸಿಕ್ಕಿಕೊಂಡಿದೆ, ಇಲ್ಲವೇ ತಟ್ಟೆಗಳ ಮಧ್ಯೆ ದಾರದ ತುಣುಕೋ ಗಟ್ಟಿಯಾದ ಧೂಳೋ ಕೂತಿದೆ. ಫುಟ್ ಎತ್ತಿ, ಒಂದು ತೆಳು ಬಟ್ಟೆಯ ಪಟ್ಟಿಯನ್ನು ತಟ್ಟೆಗಳ ನಡುವೆ ಹಾಕಿ ಆಚೆ ಈಚೆ ಎಳೆದರೆ ಕ್ಲೀನ್ ಆಗುತ್ತದೆ. ಬ್ಲೇಡು, ಕತ್ತರಿ ಮೊನೆ ಹಾಕಬೇಡಿ. ಬಹಳ ವರ್ಷ ಓಡಿದ ತಟ್ಟೆಯಲ್ಲಿ ದಾರವೇ ಕೊರೆದು ಗೆರೆ ಮಾಡಿರುತ್ತದೆ. ದಾರ ಒಮ್ಮೆ ಆ ಗೆರೆಯೊಳಗೆ, ಒಮ್ಮೆ ಹೊರಗೆ ಓಡುತ್ತಿರುತ್ತದೆ. ಅಂಥ ತಟ್ಟೆಯನ್ನು ಬದಲಾಯಿಸುವುದೇ ಸರಿ, ದೊಡ್ಡ ಖರ್ಚಿನ ವಸ್ತುವೇನಲ್ಲ.

ಈಗ ಮೊಣಕಾಲು. ಈ ಮೆಷಿನ್ನುಗಳಲ್ಲಿ ಫುಟ್ ಎತ್ತಲು ಟೇಬಲ್ ಕೆಳಗೆ ಮೊಣಕಾಲಿನಿಂದ ತಳ್ಳುವ ಒಂದು ಪ್ಯಾಡ್ ಇರುತ್ತದೆ. ಆಪರೇಟರ್ ಕೂರುವ ಭಂಗಿಯಲ್ಲಿ ಮೊಣಕಾಲು ಸದಾ ಅದಕ್ಕೆ ಆತುಕೊಂಡಿದ್ದರೆ, ಫುಟ್ ಕಣ್ಣಿಗೆ ಕಾಣುವಷ್ಟು ಏಳದೇ ಇದ್ದರೂ ತಟ್ಟೆಗಳು ಸ್ವಲ್ಪ ಸಡಿಲವಾಗುತ್ತವೆ. ಹೊಲಿಗೆ ಆಗಾಗ ಬಿಡುತ್ತದೆ. ಮೆಕ್ಯಾನಿಕ್ ಬಂದು ಕೂತು ಹೊಲಿದರೆ ಮೆಷಿನ್ ಫಸ್ಟ್ ಕ್ಲಾಸ್! ಅವರು ಎದ್ದು ಹೋದಮೇಲೆ ಮತ್ತೆ ಅದೇ ಕಥೆ. 'ನಿನ್ನ ಕೈಯಲ್ಲೇ ದೋಷ' ಅಂತ ಸೂಪರ್‌ವೈಸರ್ ಕೈಲಿ ಬೈಸಿಕೊಳ್ಳುವ ಹೆಣ್ಣುಮಕ್ಕಳ ಮೊಣಕಾಲಿನ ಜಾಗವನ್ನು ಯಾರೂ ಬಗ್ಗಿ ನೋಡಿರುವುದಿಲ್ಲ. ಪ್ಯಾಡನ್ನು ಸ್ವಲ್ಪ ಆಚೆ ಸರಿಸಿ, ಒತ್ತಲು ಶುರುಮಾಡಿದ ಕೂಡಲೇ ಫುಟ್ ಏಳದಂತೆ ಸ್ವಲ್ಪ ಆಟ ಬಿಟ್ಟರೆ ಮುಗಿಯಿತು.

ತಟ್ಟೆಯ ಪಕ್ಕದಲ್ಲೇ ಒಂದು ತೆಳು ಕಂಬಿಯ ಸ್ಪ್ರಿಂಗ್ ಇದೆ, ಚೆಕ್ ಸ್ಪ್ರಿಂಗ್. ಸೂಜಿ ಕೆಳಗಿಳಿಯುತ್ತಿರುವಾಗ ಟೇಕಪ್ ಲಿವರ್ ದಾರ ಬಿಡುತ್ತದಲ್ಲ, ಸೂಜಿಯ ಮೊನೆ ಬಟ್ಟೆಗೆ ಇಳಿಯುವವರೆಗೆ ಆ ಸಡಿಲ ದಾರವನ್ನು ಹಿಡಿದಿಟ್ಟುಕೊಳ್ಳುವುದು ಇದರ ಕೆಲಸ. ಇದು ಸೋತಿದ್ದರೆ ಸಡಿಲ ದಾರ ಎಲ್ಲೆಲ್ಲೋ ಬೀಳುತ್ತದೆ, ಸೂಜಿಯೇ ಅದನ್ನು ಚುಚ್ಚುವುದೂ ಉಂಟು. ವ್ಹೀಲನ್ನು ಕೈಯಲ್ಲಿ ನಿಧಾನವಾಗಿ ತಿರುಗಿಸುತ್ತಾ ಇದನ್ನೇ ನೋಡಿ. ಪ್ರತಿ ಸುತ್ತಿಗೂ ಒಂದೇ ರೀತಿ ಹೋಗಿ ಬರಬೇಕು. ಎಲ್ಲಾದರೂ ಅಂಟಿಕೊಂಡು ನಿಂತರೆ ಎಣ್ಣೆ ಜಿಡ್ಡು ಒರೆಸಿ, ಬಗ್ಗಿದ್ದರೆ ಹೊಸದು ಹಾಕಿ. ತೆಳು ಬಟ್ಟೆಗೆ ಇದರ ಬಲ ಕಡಿಮೆ, ಓಟ ಜಾಸ್ತಿ; ದಪ್ಪ ಬಟ್ಟೆಗೆ ಬಲ ಜಾಸ್ತಿ, ಓಟ ಕಡಿಮೆ. ಜೀನ್ಸ್ ಹೊಲಿಯುತ್ತಿದ್ದ ಮೆಷಿನ್ನಿಗೆ ಏಕಾಏಕಿ ಜಾರ್ಜೆಟ್ ಕೊಟ್ಟರೆ ಹೊಲಿಗೆ ಕುಣಿಯುವುದಕ್ಕೆ ಇದೂ ಒಂದು ಕಾರಣ.

ಅಲ್ಲೇ ಮೇಲೆ, ಟೇಕಪ್ ಲಿವರಿಗೆ ಹೋಗುವ ದಾರಿಯಲ್ಲಿ, ಎಡಕ್ಕೂ ಬಲಕ್ಕೂ ಸರಿಸಬಹುದಾದ ಒಂದು ದಾರದ ಗೈಡ್ ಇದೆ. ದಪ್ಪ ಬಟ್ಟೆಗೆ ಎಡಕ್ಕೆ ಸರಿಸಿದರೆ ಲಿವರ್ ಜಾಸ್ತಿ ದಾರ ಎಳೆಯುತ್ತದೆ, ತೆಳು ಬಟ್ಟೆಗೆ ಬಲಕ್ಕೆ. ಮಧ್ಯದ ಗುರುತಿಗೆ ಇಟ್ಟರೆ ಸಾಮಾನ್ಯ ಬಟ್ಟೆಗೆ ಸರಿ. ಇದನ್ನು ಮುಟ್ಟುವವರೇ ಇಲ್ಲ.

ದಾರ ಕತ್ತರಿಸುವ ಆಟೋ ಟ್ರಿಮ್ಮರ್ ಮೆಷಿನ್ ಇದ್ದರೆ ಇನ್ನೊಂದು ಸಣ್ಣ ನಟ್ಟು ಮೊದಲೇ ಸಿಗುತ್ತದೆ. ಅದು ಹೊಲಿಗೆಯ ಟೆನ್ಷನ್ನಿಗಲ್ಲ, ಕತ್ತರಿಸಿದ ಮೇಲೆ ಸೂಜಿಯಲ್ಲಿ ಉಳಿಯುವ ದಾರದ ಉದ್ದಕ್ಕೆ. ಹೊಲಿಗೆಯ ಶುರುವಿನಲ್ಲಿ ಮಾತ್ರ ಗೊಂಚಲು ಬರುತ್ತಿದ್ದರೆ ಅಥವಾ ಶುರುವಿನಲ್ಲೇ ದಾರ ಸೂಜಿಯಿಂದ ಕಳಚುತ್ತಿದ್ದರೆ ಇಲ್ಲಿ ನೋಡಿ.

ಬಾಬಿನ್ ಮತ್ತು ಅದರ ಕೇಸ್

ನಾನು ಯಾವಾಗಲೂ ಕೆಳಗಿನದನ್ನು ಮೊದಲು ಸರಿ ಮಾಡಿ, ಆಮೇಲೆ ಮೇಲಿನದನ್ನು ಅದಕ್ಕೆ ಹೊಂದಿಸಿ ಅನ್ನುತ್ತೇನೆ. ಎರಡನ್ನೂ ಒಟ್ಟಿಗೆ ತಿರುಗಿಸಿದರೆ ದಡ ಮುಟ್ಟುವುದಿಲ್ಲ.

ಕೇಸ್ ಆಚೆ ತೆಗೆದು, ಬಾಬಿನ್ ಹಾಕಿ, ದಾರದ ತುದಿ ಹಿಡಿದು ನೇತುಬಿಡಿ. ತನ್ನ ಭಾರಕ್ಕೇ ಸರ್ರನೆ ಇಳಿಯಬಾರದು. ಕೈಯನ್ನು ಸಣ್ಣಗೆ ಜಾಡಿಸಿದರೆ ಎರಡು ಮೂರು ಬೆರಳಗಲ ಇಳಿದು ನಿಲ್ಲಬೇಕು. ಸಾಮಾನ್ಯ ಶರ್ಟ್ ಬಟ್ಟೆಗೆ 120 ಟಿಕೆಟ್ (ಟಿಕೆಟ್ ಅಂದರೆ ದಾರದ ದಪ್ಪ ಹೇಳುವ ನಂಬರ್) ಪಾಲಿಯೆಸ್ಟರ್ ದಾರದಲ್ಲಿ ಇದು ಸರಿ. ಅಳೆಯುವ ಗೇಜ್ ಇದ್ದರೆ 25 ಗ್ರಾಂ ಆಸುಪಾಸು ಇರಲಿ. ಗೇಜಿನ ನಿಜವಾದ ಉಪಯೋಗ ಬೇರೆ: ದಾರ ಎಳೆಯುತ್ತಾ ಹೋದಂತೆ ಮುಳ್ಳು ಒಂದೇ ಜಾಗದಲ್ಲಿ ನಿಲ್ಲುತ್ತದೋ ಅಥವಾ ತೂಗಾಡುತ್ತದೋ ಅಂತ ನೋಡುವುದು. 25 ಇದೆಯೋ 28 ಇದೆಯೋ ಅನ್ನುವುದಕ್ಕಿಂತ ಅದು ಅಲ್ಲೇ ನಿಲ್ಲುವುದು ಮುಖ್ಯ. ಗೇಜ್ ಇಲ್ಲದವರು ಒಂದು ಮಾರು ದಾರ ನಿಧಾನವಾಗಿ ಎಳೆದು ನೋಡಿ, ಬೆರಳಿಗೇ ಗೊತ್ತಾಗುತ್ತದೆ.

ತೂಗಾಡಿದರೆ ಸ್ಕ್ರೂ ತಿರುಗಿಸಬೇಡಿ. ಕೇಸಿನ ಪಕ್ಕದ ತೆಳು ಪಟ್ಟಿ ಸ್ಪ್ರಿಂಗ್ ಅಡಿಯಲ್ಲಿ ಧೂಳು ಸೇರಿಕೊಂಡಿರುತ್ತದೆ. ಹತ್ತಿ ದಾರ, ಫ್ಲೀಸ್, ಟವೆಲ್ ಬಟ್ಟೆ ಹೊಲಿಯುವ ಕಡೆ ಇದು ದಿನವೂ ಸೇರುತ್ತದೆ. ಒಂದು ದಪ್ಪ ಕಾಗದದ ಅಂಚನ್ನು ಪಟ್ಟಿಯ ಅಡಿಗೆ ತೂರಿಸಿ ಎಳೆದರೆ ಒಂದು ಸಣ್ಣ ಕರಿ ಉಂಡೆ ಆಚೆ ಬರುತ್ತದೆ. ಅದೇ ಇಷ್ಟೆಲ್ಲ ಮಾಡುತ್ತಿದ್ದದ್ದು. ಆ ಪಟ್ಟಿಗೆ ಎರಡು ಸ್ಕ್ರೂ ಇರುತ್ತವೆ. ಒಂದು ಪಟ್ಟಿಯನ್ನು ಕೇಸಿಗೆ ಹಿಡಿದಿಡುವುದು, ಇನ್ನೊಂದು, ಸಾಮಾನ್ಯವಾಗಿ ಮಧ್ಯದಲ್ಲಿರುವ ದೊಡ್ಡದು, ಬಿಗಿ ಹೊಂದಿಸುವುದು. ತಿರುಗಿಸುವುದೇ ಆದರೆ ಗಡಿಯಾರದ ಮುಳ್ಳು ಐದು ನಿಮಿಷ ಸರಿಯುವಷ್ಟು ತಿರುಗಿಸಿ ನೋಡಿ, ಸಾಲದಿದ್ದರೆ ಇನ್ನೈದು. ಒಂದು ಪೂರ್ತಿ ಸುತ್ತು ಅಂದರೆ ಇಲ್ಲಿ ಬಹಳವಾಯಿತು.

ಬಾಬಿನ್ ಸುತ್ತುವುದರಲ್ಲೇ ಅರ್ಧ ತಪ್ಪು ಆಗಿರುತ್ತದೆ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಹಳ್ಳ ಇರುವ ಬಾಬಿನ್ನಿನಿಂದ ಸಮನಾದ ಹೊಲಿಗೆ ಬರುವುದಿಲ್ಲ. ಸುತ್ತುವ ಜಾಗದ ಸಣ್ಣ ಟೆನ್ಷನ್ನನ್ನು ಸ್ವಲ್ಪ ಮೇಲೆ ಕೆಳಗೆ ಸರಿಸಿದರೆ ದಾರ ಸಮನಾಗಿ ಕೂರುತ್ತದೆ. ಪೂರ್ತಿ ತುಂಬಬೇಡಿ, ಶೇಕಡ 80 ಸಾಕು. ಅಂಚಿನವರೆಗೆ ತುಂಬಿದರೆ ಕೇಸಿಗೆ ಉಜ್ಜುತ್ತದೆ. ತೀರಾ ಬಿಗಿಯಾಗಿ ಸುತ್ತಿದರೆ ಪಾಲಿಯೆಸ್ಟರ್ ದಾರ ಜಗ್ಗಿಕೊಂಡೇ ಬಾಬಿನ್ನಿನಲ್ಲಿ ಕೂತಿರುತ್ತದೆ, ಹೊಲಿದ ಮೇಲೆ ಬಟ್ಟೆಯಲ್ಲಿ ಕುಗ್ಗುತ್ತದೆ. ಸಂಜೆ ಚೆನ್ನಾಗಿ ಕಂಡ ಹೊಲಿಗೆ ಬೆಳಿಗ್ಗೆ ಸುಕ್ಕಾಗಿದೆ ಅಂದರೆ ಇದನ್ನು ಅನುಮಾನಿಸಿ.

ಬಾಬಿನ್ ಖಾಲಿಯಾಗುತ್ತಾ ಬಂದಂತೆ ಕೆಳಗಿನ ದಾರ ಸ್ವಲ್ಪ ಬಿಗಿಯಾಗುವುದು ಸಹಜ. ದಾರ ಒಳಸುತ್ತಿಗೆ ಇಳಿದಂತೆ ಬಾಬಿನ್ನನ್ನು ತಿರುಗಿಸಲು ಜಾಸ್ತಿ ಎಳೆಯಬೇಕು. ಆ ಸಣ್ಣ ವ್ಯತ್ಯಾಸವನ್ನು ಸಹಿಸಿಕೊಳ್ಳಿ. ಆದರೆ ಸ್ಟೀಲ್ ಬಾಬಿನ್, ಅಲ್ಯೂಮಿನಿಯಂ ಬಾಬಿನ್ ಎರಡನ್ನೂ ಒಂದೇ ಡಬ್ಬಿಯಲ್ಲಿ ಕಲಸಿಟ್ಟುಕೊಂಡು ಕೈಗೆ ಸಿಕ್ಕಿದ್ದು ಹಾಕುವುದನ್ನು ಸಹಿಸಬೇಡಿ. ಎರಡರ ತೂಕ ಬೇರೆ. ಭಾರದ ಬಾಬಿನ್ ತಿರುಗಲು ಶುರುಮಾಡಿದರೆ ಬೇಗ ನಿಲ್ಲುವುದಿಲ್ಲ, ಮೆಷಿನ್ ನಿಂತ ಮೇಲೂ ತಿರುಗಿ ದಾರ ಸಡಿಲ ಬಿಡುತ್ತದೆ. ಅದನ್ನು ತಡೆಯಲೆಂದೇ ಕೇಸಿನ ಒಳಗೆ ಒಂದು ತೆಳು ತಡೆ ಸ್ಪ್ರಿಂಗ್ ಇರುತ್ತದೆ. ಕ್ಲೀನ್ ಮಾಡುವಾಗ ಯಾರೋ ಅದನ್ನು ಕಸ ಅಂತ ಎಸೆದಿರುತ್ತಾರೆ! ಪ್ರತಿ ಸಲ ನಿಲ್ಲಿಸಿ ಶುರು ಮಾಡಿದಾಗ ಎರಡು ಮೂರು ಹೊಲಿಗೆ ಸಡಿಲ ಬರುತ್ತಿದ್ದರೆ ಕೇಸಿನೊಳಗೆ ಅದು ಇದೆಯಾ ನೋಡಿ.

ಬಾಬಿನ್ನಿನ ದಿಕ್ಕೂ ಗಮನಿಸಿ. ದಾರ ಎಳೆದಾಗ ಅದು ಕೇಸಿನ ಬಾಣದ ಗುರುತು ಅಥವಾ ಮ್ಯಾನ್ಯುಯಲ್ ತೋರಿಸಿದ ಕಡೆಗೇ ತಿರುಗಬೇಕು. ಉಲ್ಟಾ ಹಾಕಿದರೂ ಹೊಲಿಗೆ ಬರುತ್ತದೆ, ಅದಕ್ಕೇ ಗೊತ್ತಾಗುವುದಿಲ್ಲ. ಆದರೆ ಬಿಗಿ ಬೇರೆಯಾಗುತ್ತದೆ. ಕೇಸ್ ಕೆಳಗೆ ಬಿದ್ದು ಸ್ವಲ್ಪ ಅಂಡಾಕಾರ ಆಗಿದ್ದರೆ ಯಾವ ಸ್ಕ್ರೂವಿನಿಂದಲೂ ಸರಿಹೋಗುವುದಿಲ್ಲ, ಬದಲಾಯಿಸಿ.

ಸೂಜಿ, ದಾರ, ಬಟ್ಟೆ

ಸೂಜಿ ಬದಲಾಯಿಸುವುದು ಎಲ್ಲಕ್ಕಿಂತ ಅಗ್ಗದ ರಿಪೇರಿ, ಆದರೂ ಮುರಿಯುವವರೆಗೆ ಅದನ್ನು ತೆಗೆಯುವುದಿಲ್ಲ. ಈ ಮೆಷಿನ್ನುಗಳಿಗೆ ಹಾಕುವ ಡಿಬಿ×1 ಸೂಜಿಯ ಉದ್ದನೆಯ ತೋಡು ಎಡಕ್ಕೆ, ಕಣ್ಣಿನ ಹತ್ತಿರದ ಕುಳಿ ಬಲಕ್ಕೆ ಬರಬೇಕು, ದಾರ ಎಡದಿಂದ ಬಲಕ್ಕೆ ಪೋಣಿಸಬೇಕು. ಈ ಸೂಜಿಯ ಬುಡ ದುಂಡಗಿರುವುದರಿಂದ ಸ್ವಲ್ಪ ತಿರುಗಿ ಕೂತರೂ ಸ್ಕ್ರೂ ಬಿಗಿಯಾಗಿಬಿಡುತ್ತದೆ. ಆಗ ಕುಣಿಕೆ ಒಮ್ಮೆ ಚೆನ್ನಾಗಿ, ಒಮ್ಮೆ ಸೊಟ್ಟಗೆ ಬರುತ್ತದೆ.

ದಾರ ಸೂಜಿಗೆ ಹೊಂದಬೇಕು. ಟಿಕೆಟ್ ನಂಬರ್ ಜಾಸ್ತಿ ಆದಷ್ಟೂ ದಾರ ತೆಳು, ಸೂಜಿಯ ನಂಬರ್ ಜಾಸ್ತಿ ಆದಷ್ಟೂ ಸೂಜಿ ದಪ್ಪ. ಹೊಸಬರು ಇದರಲ್ಲಿ ಗೊಂದಲ ಮಾಡಿಕೊಳ್ಳುತ್ತಾರೆ. 120 ಟಿಕೆಟ್ ದಾರಕ್ಕೆ 11 ಅಥವಾ 14ನೇ ನಂಬರ್ ಸೂಜಿ ನಡೆಯುತ್ತದೆ. ಜೀನ್ಸಿನ ಮೇಲ್ಹೊಲಿಗೆಯ ದಪ್ಪ ದಾರವನ್ನು 14ರಲ್ಲಿ ತೂರಿಸಿದರೆ ಅದು ಕಣ್ಣಿನಲ್ಲೇ ಸಿಕ್ಕಿಕೊಂಡು ಬರುತ್ತದೆ, 18 ಬೇಕು. ಒಂದಡಿ ದಾರಕ್ಕೆ ಸೂಜಿ ಪೋಣಿಸಿ, ದಾರ ಬಿಗಿಯಾಗಿ ಓರೆ ಹಿಡಿದರೆ ಸೂಜಿ ತಾನೇ ಜಾರಿ ಇಳಿಯಬೇಕು. ಇಳಿಯಲಿಲ್ಲ ಅಂದರೆ ಸೂಜಿ ಸಣ್ಣದಾಯಿತು.

ಬಟ್ಟೆಯ ದಪ್ಪದಲ್ಲೇ ಗಂಟು ಅಡಗಬೇಕು ಅಂದೆನಲ್ಲ. ತೆಳು ರೇಷ್ಮೆಯಲ್ಲಿ, ಶಿಫಾನಿನಲ್ಲಿ ಅಡಗಲು ಜಾಗವೇ ಇಲ್ಲ. ಅಂಥ ಬಟ್ಟೆಯಲ್ಲಿ ದಪ್ಪ ದಾರ ಹಾಕಿ ಟೆನ್ಷನ್ ಎಷ್ಟು ಹೊಂದಿಸಿದರೂ ಒಂದು ಕಡೆ ಚುಕ್ಕೆ ಕಾಣುತ್ತದೆ. ತೆಳು ದಾರ, 9ನೇ ನಂಬರ್ ಸೂಜಿ, ಎರಡೂ ಕಡೆ ಬಿಗಿ ಕಡಿಮೆ, ಇಷ್ಟೇ ದಾರಿ. ಜೀನ್ಸಿನಲ್ಲಿ ಇದರ ಉಲ್ಟಾ ಕಷ್ಟ: ಪಕ್ಕದ ಜೋಡಣೆ ದಾಟುವಾಗ ಎರಡು ಪದರ ಇದ್ದದ್ದು ಆರು, ಎಂಟು ಪದರ ಆಗುತ್ತದೆ, ಅಲ್ಲಿ ಒಂದೊಂದು ಹೊಲಿಗೆಗೂ ದಾರ ಜಾಸ್ತಿ ಬೇಕು, ಟೆನ್ಷನ್ ಮಾತ್ರ ಅಷ್ಟೇ ಇರುತ್ತದೆ, ಹಾಗಾಗಿ ಗಂಟು ಆ ಜಾಗದಲ್ಲಿ ಮೇಲೋ ಕೆಳಗೋ ಜಾರುತ್ತದೆ. ಅದನ್ನು ಮೆಷಿನ್ ದೋಷ ಅನ್ನಬೇಡಿ. ಆ ಜೋಡಣೆಯನ್ನು ಸುತ್ತಿಗೆಯಲ್ಲಿ ತಟ್ಟಿ ಚಪ್ಪಟೆ ಮಾಡಿ, ನಿಧಾನಕ್ಕೆ ದಾಟಿಸಿ.

ಸುಕ್ಕು ಕಂಡರೆಲ್ಲ ಟೆನ್ಷನ್ ಅಂದುಕೊಳ್ಳುವುದೂ ತಪ್ಪು. ಸುಕ್ಕಾದ ಜಾಗದಲ್ಲಿ ಹೊಲಿಗೆಯ ದಾರವನ್ನು ಅಲ್ಲಲ್ಲಿ ಕತ್ತರಿಸಿ. ಬಟ್ಟೆ ಸಪಾಟಾದರೆ ಅದು ಟೆನ್ಷನ್ ಸುಕ್ಕು. ಒಂದು ಪದರ ಇನ್ನೊಂದಕ್ಕಿಂತ ಉದ್ದವಾಗಿ ಉಳಿದಿದ್ದರೆ ಬಟ್ಟೆಯನ್ನು ಕೆಳಗಿನಿಂದ ತಳ್ಳುವ ಹಲ್ಲಿನದೋ ಫುಟ್ ಒತ್ತಡದ್ದೋ ತೊಂದರೆ. ದಾರ ಕತ್ತರಿಸಿದ ಮೇಲೂ ಸುಕ್ಕು ಹಾಗೇ ಇದ್ದರೆ ಒತ್ತೊತ್ತಾದ ನೇಯ್ಗೆಯಲ್ಲಿ ದಾರಕ್ಕೆ ಜಾಗ ಸಾಲುತ್ತಿಲ್ಲ ಅಂತ ಅರ್ಥ, ಸೂಜಿ ಮತ್ತು ದಾರ ಎರಡನ್ನೂ ತೆಳು ಮಾಡಬೇಕು.

ಮೆಕ್ಯಾನಿಕ್ ಕರೆಯುವ ಹಂತ

ಇಷ್ಟೆಲ್ಲ ನೋಡಿಯೂ ಏರುಪೇರು ಹೋಗಲಿಲ್ಲ ಅಂದರೆ ಹುಕ್ಕಿನ ಕಡೆ ಹೋಗಬೇಕು, ಅದು ಎಲ್ಲರ ಕೈಯ ಕೆಲಸ ಅಲ್ಲ. ಆದರೂ ಏನು ನೋಡಿಸಬೇಕು ಅಂತ ತಿಳಿದಿದ್ದರೆ ಒಳ್ಳೆಯದು.

ಬಾಬಿನ್ ಕೇಸ್ ಕೂರುವ ಭಾಗ ಹುಕ್ಕಿನ ಜೊತೆ ತಿರುಗದಂತೆ ಒಂದು ಬೆರಳಿನಂಥ ಪಟ್ಟಿ ಅದನ್ನು ತಡೆದಿರುತ್ತದೆ. ಸುತ್ತಿ ಬಂದ ಮೇಲಿನ ದಾರ ಪ್ರತಿ ಹೊಲಿಗೆಯಲ್ಲೂ ಆ ಬೆರಳಿಗೂ ಕೇಸಿನ ಭಾಗಕ್ಕೂ ಇರುವ ಸಂದಿನಲ್ಲಿ ನುಸುಳಿ ಆಚೆ ಬರಬೇಕು. ಸಂದು ಸಾಲದಿದ್ದರೆ ದಾರ ಅಲ್ಲಿ ಒಂದು ಕ್ಷಣ ಸಿಕ್ಕಿ ಟಕ್ ಅಂತ ಬಿಡುತ್ತದೆ. ತೆಳು ದಾರಕ್ಕೆ ಹೊಂದಿಸಿದ ಮೆಷಿನ್ನಿಗೆ ದಪ್ಪ ದಾರ ಹಾಕಿದಾಗ ಇದು ಜಾಸ್ತಿ. ಟಕ್ ಟಕ್ ಸದ್ದು ಕೇಳಿಸಿದರೆ ಮೊದಲು ಇಲ್ಲಿ ನೋಡಲು ಹೇಳಿ. ಹುಕ್ಕಿನ ಮೊನೆಗೂ ಸೂಜಿಗೂ ನಡುವಿನ ಅಂತರ ಜೂಕಿಯ ಈ ಮಾದರಿಯಲ್ಲಿ 0.04ರಿಂದ 0.1 ಮಿಲಿಮೀಟರ್. ಅಂದರೆ ಸೂಜಿ ಒಮ್ಮೆ ಬಗ್ಗಿ ಹುಕ್ಕಿಗೆ ತಾಗಿದರೂ ಮೊನೆ ಒರಟಾಗುತ್ತದೆ. ಸೂಜಿ ಇಳಿಯುವ ನೀಡಲ್ ಪ್ಲೇಟಿನ ತೂತಿನ ಅಂಚೂ ಹಾಗೆಯೇ. ಉಗುರಿನ ತುದಿ ಆಡಿಸಿ ನೋಡಿದರೆ ಒರಟು ಸಿಗುತ್ತದೆ. ಸಣ್ಣದಾದರೆ ನಯವಾದ ಎಮರಿ ಪೇಪರಿನಲ್ಲಿ ಉಜ್ಜಿ ಪಾಲಿಶ್ ಮಾಡಬಹುದು, ಆಳವಾದರೆ ಹೊಸ ಹುಕ್. ಹುಕ್ಕಿಗೆ ಎಣ್ಣೆ ಹೋಗುತ್ತಿದೆಯಾ ಅದನ್ನೂ ನೋಡಿಸಿ: ಒಣಗಿದ್ದರೆ ಬಿಸಿಯಾಗಿ ಎಳೆಯುತ್ತದೆ, ಜಾಸ್ತಿ ಆದರೆ ದಾರಕ್ಕೆ ಎಣ್ಣೆ ಹತ್ತಿ ಬಿಗಿ ಬದಲಾಗುತ್ತದೆ, ಬಟ್ಟೆಗೂ ಕಲೆ.

ಮೆಕ್ಯಾನಿಕ್ ಬರುವಾಗ ಆ ಒಂದು ಮೀಟರಿನ ಕೆಂಪು ಬಿಳಿ ತುಂಡನ್ನು ಕೈಗೆ ಕೊಡಿ. ಅದರ ಮೇಲೆ ಪೆನ್ನಿನಲ್ಲಿ ದಾರದ ಟಿಕೆಟ್, ಸೂಜಿಯ ನಂಬರ್, ಎಲ್ಲಿಂದ ಎಲ್ಲಿಗೆ ನಿಧಾನ, ಎಲ್ಲಿಂದ ಸ್ಪೀಡು, ಕೆಟ್ಟ ಜಾಗಗಳ ನಡುವೆ ಎಷ್ಟು ಸೆಂಟಿಮೀಟರ್ ಅಂತ ಬರೆದಿಡಿ. 'ಅಣ್ಣಾ, ಟೆನ್ಷನ್ ಸರಿ ಇಲ್ಲ' ಅಂತ ಮಾತ್ರ ಹೇಳಿದರೆ ಅವರೂ ಮೊದಲು ನಟ್ಟಿಗೇ ಕೈ ಹಾಕುತ್ತಾರೆ.